ಕಾಲಿಗೆ ಮುಳ್ಳು, ತೊಡೆಸಂದಿನಲ್ಲಿ ಗಂಟು

ಕೇಳುಗರಿಗೆ ನಮಸ್ಕಾರ.

ಚಿಕ್ಕವನಿದ್ದಾಗ ಒಮ್ಮೆ ನನ್ನ ಹಿಮ್ಮಡಿಗೆ ಜಾಲಿಮುಳ್ಳು ಚುಚ್ಚಿತ್ತು. ಮನೆಯಲ್ಲಿ ಹೇಳಲಿಲ್ಲ. ಹೇಳಿದರೆ ಬರಿಗಾಲಲ್ಲಿ ಓಡಾಡಿದ್ದಕ್ಕೆ ಮೊದಲು ಬೈಗುಳ, ಆಮೇಲೆ ಪಿನ್ನು ಹಿಡಿದು ಮುಳ್ಳು ಕೀಳುವ ಕಾರ್ಯಕ್ರಮ. ಸುಮ್ನೆ ಎರಡು ದಿನ ಕುಂಟಿದೆ. ಮೂರನೇ ದಿನ ಬೆಳಗ್ಗೆ ನೋಡಿದರೆ ತೊಡೆಸಂದಿನಲ್ಲಿ ಗೋಲಿಯಷ್ಟು ದಪ್ಪದ ಗಂಟು, ಮುಟ್ಟಿದರೆ ನೋವು. ಹೆದರಿ ಅಜ್ಜಿಗೆ ಹೇಳಿದೆ. ಅಜ್ಜಿ ಗಂಟಿನ ಕಡೆ ತಿರುಗಿಯೂ ನೋಡಲಿಲ್ಲ. "ಎಲ್ಲೋ ಚುಚ್ಚಿಸ್ಕೊಂಡಿದ್ದೀಯ, ಕಾಲು ತೋರ್ಸೋ" ಅಂದಳು.

ನೋವು ತೊಡೆಯಲ್ಲಿ, ಹುಡುಕಿದ್ದು ಕಾಲಿನಲ್ಲಿ. ಅದು ಹೇಗೆ ಅಂತ ನನಗೆ ಅರ್ಥವಾಗಿದ್ದು ಎಷ್ಟೋ ವರ್ಷದ ಮೇಲೆ. ಇವತ್ತು ಅದನ್ನೇ ಹೇಳುತ್ತೇನೆ.

ರಕ್ತ ನಾಳದೊಳಗೇ ಸುತ್ತುತ್ತಿರುತ್ತದೆ ಅಂತ ಶಾಲೆಯಲ್ಲಿ ಓದಿರುತ್ತೇವೆ, ಅಲ್ವಾ? ಅದು ಮುಕ್ಕಾಲು ನಿಜ. ಕೂದಲಿಗಿಂತ ಸಣ್ಣ ನಾಳಗಳಲ್ಲಿ ಹರಿಯುವಾಗ ರಕ್ತದ ನೀರಿನಂಶ ಹೊರಗೆ ಜಿನುಗಿ ಮಾಂಸಖಂಡದ ಸಂದುಗಳಿಗೆ ಇಳಿಯುತ್ತದೆ. ಅದರಲ್ಲಿ ದಿನಕ್ಕೆ ಸುಮಾರು 3 ಲೀಟರ್ ನೇರವಾಗಿ ರಕ್ತನಾಳಕ್ಕೆ ವಾಪಸ್ ಹೋಗುವುದೇ ಇಲ್ಲ. ದೊಡ್ಡವರ ಮೈಯಲ್ಲಿ ಇರುವ ಒಟ್ಟು ರಕ್ತವೇ 5 ಲೀಟರ್ ಆಸುಪಾಸು, ಲೆಕ್ಕ ಹಾಕಿ. ಈ ನೀರು ಅಲ್ಲೇ ನಿಂತರೆ ಮೈಯೆಲ್ಲಾ ಊದಿಕೊಂಡು ಬದುಕುವುದೇ ಕಷ್ಟ. ಅಡಿಕೆ ತೋಟ ಮಾಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ನೀರು ಬಿಟ್ಟರೆ ಸಾಲದು, ಮಿಕ್ಕಿದ್ದು ಹೋಗುವುದಕ್ಕೆ ಬಸಿಗಾಲುವೆ ಬೇಕು, ಇಲ್ಲದಿದ್ದರೆ ಬೇರು ಕೊಳೆಯುತ್ತದೆ. ನಮ್ಮ ಮೈಯಲ್ಲೂ ಅಂಥ ಬಸಿಗಾಲುವೆಗಳಿವೆ. ಅದರಲ್ಲಿ ಹರಿಯುವುದಕ್ಕೆ ಪಠ್ಯಪುಸ್ತಕದಲ್ಲಿ ದುಗ್ಧರಸ ಅಂತ ಹೆಸರು.

ದುಗ್ಧ ಅಂದರೆ ಹಾಲು. 1622ರಲ್ಲಿ ಇಟಲಿಯ ಗಾಸ್ಪರೊ ಅಸೆಲ್ಲಿ ಅನ್ನುವ ವೈದ್ಯ ಆಗ ತಾನೇ ಹೊಟ್ಟೆ ತುಂಬ ತಿಂದಿದ್ದ ನಾಯಿಯೊಂದರ ಹೊಟ್ಟೆ ಕೊಯ್ದು ನೋಡುತ್ತಿದ್ದಾಗ ಕರುಳಿನ ಸುತ್ತ ಬಿಳಿ ದಾರದಂಥವು ಕಂಡವು. ನರ ಇರಬೇಕು ಅಂದುಕೊಂಡು ಒಂದನ್ನು ಕತ್ತರಿಸಿದರೆ ಹಾಲಿನಂಥ ದ್ರವ ಹೊರಗೆ ಬಂತು. ಊಟದ ಕೊಬ್ಬು ಕರುಳಿನಿಂದ ಈ ದಾರಿಯಲ್ಲೇ ಹೋಗುವುದು, ಅದಕ್ಕೇ ಬಿಳುಪು. ಆದರೆ ಕಾಲಿನಿಂದ, ಕೈಯಿಂದ ಬರುವುದು ತಿಳಿಯಾಗಿಯೇ ಇರುತ್ತದೆ. ನನ್ನನ್ನು ಕೇಳಿದರೆ ಈ ಹೆಸರು ಹೊಟ್ಟೆಗೆ ಮಾತ್ರ ಸರಿ. ಇರಲಿ.

ಈ ನಾಳಗಳ ದಾರಿಯಲ್ಲಿ ಅಲ್ಲಲ್ಲಿ ಚೆಕ್‌ಪೋಸ್ಟ್‌ಗಳಿವೆ. ಅವೇ ದುಗ್ಧ ಗ್ರಂಥಿಗಳು. ಅವರೆಕಾಳಿನಷ್ಟೋ ಅದಕ್ಕಿಂತ ಚಿಕ್ಕದಾಗಿಯೋ ಇರುತ್ತವೆ. ಮೈಯೆಲ್ಲಾ ಸೇರಿ ಸುಮಾರು 600. ಕುತ್ತಿಗೆ, ಕಂಕುಳು, ತೊಡೆಸಂದು, ಹೊಟ್ಟೆಯೊಳಗೆ ಇವು ಜಾಸ್ತಿ. ಮುಳ್ಳಿನ ಜೊತೆ ರೋಗಾಣು ಒಳಗೆ ಹೋಯಿತು ಅಂತಿಟ್ಟುಕೊಳ್ಳಿ. ಚರ್ಮದಲ್ಲಿ ಕಾವಲಿರುವ ಕಣಗಳು ಅದನ್ನು ನುಂಗಿ, ಚೂರು ಮಾಡಿ, ಆ ಚೂರನ್ನು ಮೈಮೇಲೆ ಅಂಟಿಸಿಕೊಂಡು ಈ ನಾಳದಲ್ಲೇ ಹತ್ತಿರದ ಗ್ರಂಥಿಗೆ ಬರುತ್ತವೆ. ಅಲ್ಲಿ ಬಿಳಿ ರಕ್ತಕಣಗಳ ಸಂತೆಯೇ ಇರುತ್ತದೆ. ಆದರೆ ಒಂದೊಂದು ಕಣಕ್ಕೂ ಗುರುತು ಸಿಗುವುದು ಒಂದೇ ತರಹದ ಚೂರು. ತಂದವರು ತೋರಿಸುತ್ತಾ ಹೋಗುತ್ತಾರೆ, ಇದಲ್ಲ, ಇದಲ್ಲ, ಇದೂ ಅಲ್ಲ, ಕೊನೆಗೆ ಯಾವುದೋ ಒಂದು ಕಣ "ಇದು ನನಗೆ ಗೊತ್ತು" ಅನ್ನುತ್ತದೆ. ಅದು ಒಂದಿದ್ದದ್ದು ಎರಡು, ಎರಡಿದ್ದದ್ದು ನಾಲ್ಕು, ಕೆಲವೇ ದಿನದಲ್ಲಿ ಸಾವಿರಗಟ್ಟಲೆ. ನನ್ನ ತೊಡೆಸಂದಿನ ಗಂಟು ಅಂದರೆ ಇದೇ, ಒಳಗೆ ಜನ ತುಂಬಿ ಗೋಡೆ ಉಬ್ಬಿದ್ದು. ಕಾಯಿಲೆ ವಾಸಿಯಾದ ಮೇಲೆ ಬಹುಪಾಲು ಕಣಗಳು ಸಾಯುತ್ತವೆ, ಕೆಲವು ಮಾತ್ರ ಆ ಗುರುತು ಇಟ್ಟುಕೊಂಡು ವರ್ಷಗಟ್ಟಲೆ ಉಳಿಯುತ್ತವೆ. ಲಸಿಕೆ ಕೆಲಸ ಮಾಡುವುದು ಈ ಉಳಿದವರಿಂದಲೇ. ಕೋವಿಡ್ ಲಸಿಕೆ ಹಾಕಿಸಿಕೊಂಡಾಗ ಕೆಲವರಿಗೆ ಅದೇ ಕೈಯ ಕಂಕುಳಲ್ಲಿ ಗಂಟು ಬಂದಿತ್ತು, ನೆನಪಿದೆಯಾ?

ಹಾಗಂತ ಎಲ್ಲ ಗಂಟನ್ನೂ ಅಜ್ಜಿ ತರಹ ನೋಡದೇ ಬಿಡಬೇಡಿ. ನೋವಿರುವ ಮೆತ್ತನೆ ಗಂಟು ಗಾಯ ಮಾಗುತ್ತಿದ್ದ ಹಾಗೆ ಸಾಮಾನ್ಯವಾಗಿ ಇಳಿಯುತ್ತದೆ. ನೋವೇ ಇಲ್ಲದೆ ಗಟ್ಟಿಯಾಗಿ ಇದ್ದರೆ, ಎರಡು ಮೂರು ವಾರವಾದರೂ ಇಳಿಯದಿದ್ದರೆ, ಜೊತೆಗೆ ತೂಕ ಇಳಿಯುತ್ತಿದ್ದರೆ, ಡಾಕ್ಟರಿಗೆ ತೋರಿಸಲೇಬೇಕು. ಎಡಗಡೆ ಕತ್ತಿನ ಬುಡದಲ್ಲಿ, ಕೊರಳೆಲುಬಿನ ಮೇಲೆ ಗಂಟು ಕಂಡರೆ ಡಾಕ್ಟರ್ ಹೊಟ್ಟೆಯನ್ನೂ ಪರೀಕ್ಷೆ ಮಾಡುತ್ತಾರೆ. ಯಾಕೆ ಅಂದರೆ ಎರಡೂ ಕಾಲಿನಿಂದ, ಹೊಟ್ಟೆಯಿಂದ ಬರುವ ಈ ನೀರೆಲ್ಲಾ ಬೆನ್ನೆಲುಬಿನ ಮುಂದೆ ಮೇಲೇರಿ ಎಡಗತ್ತಿನ ಬುಡದಲ್ಲೇ ರಕ್ತಕ್ಕೆ ಸೇರುವುದು. ನಿಮ್ಮ ಬಲಗಾಲಿನ ಹೆಬ್ಬೆರಳಲ್ಲಿ ಜಿನುಗಿದ್ದು ಕೂಡ ಕೊನೆಗೆ ಎಡಗತ್ತಿಗೇ ಬರುತ್ತದೆ.

ಪಾದದಿಂದ ಕತ್ತಿನ ತನಕ ಏರುವುದಕ್ಕೆ ಪಂಪು ಬೇಡವೇ? ಹೃದಯದಂಥದ್ದು ಇಲ್ಲಿಲ್ಲ. ನಾಳಗಳು ತಾವೇ ಸ್ವಲ್ಪ ಹಿಂಡಿಕೊಳ್ಳುತ್ತವೆ, ಮಿಕ್ಕಿದ್ದು ನಾವು ನಡೆದಾಗ ಮೀನಖಂಡ ಹಿಂಡುವುದರಿಂದ, ಉಸಿರಾಡುವುದರಿಂದ. ಹತ್ತಿದ ನೀರು ಕೆಳಗೆ ಇಳಿಯದ ಹಾಗೆ ಒಳಗೆ ಸಾಲಾಗಿ ಕವಾಟಗಳಿವೆ.

ಈ ಕವಾಟ ಕೆಟ್ಟರೆ ಏನಾಗುತ್ತದೆ ಅಂತ ನಮ್ಮ ಕರಾವಳಿಯವರಿಗೂ, ಕಲಬುರಗಿ, ಬೀದರ್, ಯಾದಗಿರಿ ಕಡೆಯವರಿಗೂ ಹೇಳಬೇಕಾಗಿಲ್ಲ. ಆನೆಕಾಲು. ಬೆರಳುದ್ದದ, ದಾರದಷ್ಟು ಸಣ್ಣ ಹುಳುಗಳು ಕಾವಲಿನವರು ಓಡಾಡುವ ಈ ನಾಳದೊಳಗೇ ಮನೆ ಮಾಡಿಕೊಂಡು ವರ್ಷಗಟ್ಟಲೆ ಬದುಕುತ್ತವೆ. ಅಷ್ಟರಲ್ಲಿ ನಾಳ ಹಿಗ್ಗಿ ಕವಾಟ ಮುಚ್ಚದೆ ಹೋಗುತ್ತದೆ. ಬಸಿಗಾಲುವೆ ಕಟ್ಟಿದ ತೋಟದ ಹಾಗೆ ಕಾಲಲ್ಲಿ ನೀರು ನಿಲ್ಲುತ್ತದೆ. ಕಾವಲಿನವರಿಗೂ ದಾರಿ ಇಲ್ಲ. ಬೆರಳ ಸಂದಿನಲ್ಲಿ ಸಣ್ಣ ಬಿರುಕು ಬಿಟ್ಟರೂ ಸಾಕು, ಕೀವಿನ ರೋಗಾಣು ನುಗ್ಗಿ ಚಳಿಜ್ವರ ಬರುತ್ತದೆ, ಪ್ರತಿ ಸಲ ಜ್ವರ ಬಂದಾಗಲೂ ಕಾಲು ಇನ್ನಷ್ಟು ದಪ್ಪ. ಹೀಗಾಗಿ ದಿನಾ ಸೋಪು ಹಾಕಿ ಕಾಲು ತೊಳೆದು, ಬೆರಳ ಸಂದುಗಳನ್ನು ಪೂರ್ತಿ ಒರೆಸಿ, ಕೂತಾಗ ಕಾಲು ಮೇಲೆ ಇಟ್ಟುಕೊಳ್ಳಿ ಅನ್ನುತ್ತಾರೆ. ಕೇಳುವುದಕ್ಕೆ ಇಷ್ಟೇನಾ ಅನ್ನಿಸುತ್ತದೆ, ಆದರೆ ಆ ಜ್ವರ ಕಡಿಮೆಯಾಗುವುದು ಇದರಿಂದಲೇ.

ಹುಳು ಹರಡುವುದು ಚರಂಡಿ ನೀರಿನ ಕ್ಯೂಲೆಕ್ಸ್ ಸೊಳ್ಳೆಯಿಂದ. ಸೊಳ್ಳೆಯ ಸುಳಿವು ಹಿಡಿದದ್ದು 1877ರಲ್ಲಿ, ಚೀನಾದ ಅಮೊಯ್ ಊರಿನಲ್ಲಿದ್ದ ಪ್ಯಾಟ್ರಿಕ್ ಮ್ಯಾನ್ಸನ್ ಅನ್ನುವ ವೈದ್ಯ. ಅರ್ಧ ಸರಿ, ಅರ್ಧ ತಪ್ಪು. ಸೊಳ್ಳೆ ನೀರಿಗೆ ಬಿದ್ದು ಸಾಯುತ್ತದೆ, ಆ ನೀರು ಕುಡಿದವರಿಗೆ ಹುಳು ಬರುತ್ತದೆ ಅಂತ ಆತ ನಂಬಿದ್ದ! ಆದರೆ ಇನ್ನೊಂದು ಸಂಗತಿ ಸರಿಯಾಗಿ ಕಂಡುಹಿಡಿದ. ಹುಳುವಿನ ಮರಿಗಳು ಹಗಲೆಲ್ಲಾ ಕೈಕಾಲಿನ ರಕ್ತದಲ್ಲಿ ಕಾಣುವುದೇ ಇಲ್ಲ, ಸೊಳ್ಳೆ ಕಚ್ಚುವ ಹೊತ್ತಿಗೆ, ರಾತ್ರಿ ಹೊರಗೆ ಬರುತ್ತವೆ. ಹಗಲಲ್ಲಿ ಅವು ಶ್ವಾಸಕೋಶದ ನಾಳಗಳಲ್ಲಿ ಅಡಗಿರುತ್ತವೆ ಅನ್ನುವುದು ಆಮೇಲೆ ಗೊತ್ತಾಯಿತು.

ನಮ್ಮ ದೇಶದಲ್ಲಿ 1955ರಿಂದ ಆನೆಕಾಲು ನಿಯಂತ್ರಣ ಕಾರ್ಯಕ್ರಮ ಇದೆ. 2004ರಿಂದ ಊರಿಗೆ ಊರೇ ಮಾತ್ರೆ ನುಂಗುವ ಕೆಲಸವೂ ಶುರುವಾಯಿತು. ಗರ್ಭಿಣಿಯರಿಗೆ, 2 ವರ್ಷದೊಳಗಿನ ಮಕ್ಕಳಿಗೆ, ತೀರಾ ಕಾಯಿಲೆ ಬಿದ್ದವರಿಗೆ ಕೊಡುವುದಿಲ್ಲ. ನುಂಗಿದ ಮೇಲೆ ಕೆಲವರಿಗೆ ಜ್ವರ, ತಲೆಸುತ್ತು ಬರುತ್ತದೆ, ಅವರು ಮಾತ್ರೆಯನ್ನೇ ಬೈಯುತ್ತಾರೆ. ಹೆಚ್ಚಾಗಿ ಅದು ಒಳಗೆ ಹುಳುವಿನ ಮರಿಗಳು ಸಾಯುತ್ತಿರುವ ಲಕ್ಷಣ.

ಇನ್ನು ರಾತ್ರಿ ಒಂಬತ್ತರ ಮೇಲೆ, ಊಟ ಮುಗಿಸಿ ಮಲಗುವ ಹೊತ್ತಿಗೆ, ಆರೋಗ್ಯ ಇಲಾಖೆಯವರು ರಕ್ತ ಪರೀಕ್ಷೆಗೆ ಅಂತ ಟಾರ್ಚು, ಗಾಜಿನ ಸ್ಲೈಡು ಹಿಡಿದು ಬಾಗಿಲು ತಟ್ಟಿದರೆ ನಾಯಿ ಬೊಗಳುತ್ತದೆ, ಮನೆಯವರು ಗೊಣಗುತ್ತಾರೆ, "ಹಗಲು ಬರೋಕಾಗಲ್ವಾ ಇವರಿಗೆ" ಅಂತ. ಹಗಲು ಬಂದರೆ ಆ ಮರಿಗಳು ಸಿಗುವುದಿಲ್ಲ. ಎದ್ದು ಬಂದು ಬೆರಳು ಕೊಡಿ.

ನಮಸ್ಕಾರ.