ಹಾರುಬೂದಿ, ನಾರು ಮತ್ತು 14 ದಿನಗಳ ನೀರು

ಕೇಳುಗರಿಗೆ ನಮಸ್ಕಾರ.

ಗೋಡೆಯ ಮಣ್ಣಿಗೆ ಹುಲ್ಲು ಸೇರಿಸಿ ತುಳಿಯುತ್ತಿದ್ದುದನ್ನು ತುಮಕೂರು ಸೀಮೆಯ ಹಿರಿಯರು ಬಲ್ಲರು. ಮಣ್ಣು ಒಣಗುವಾಗ ಬಿರುಕು ಬಿಡದಂತೆ ಆ ಎಳೆಗಳು ಹಿಡಿದಿಡುತ್ತಿದ್ದವು. ಕಾಂಕ್ರೀಟಿಗೆ ನಾರು ಬೆರೆಸುವುದೂ ಅದಕ್ಕಾಗಿಯೇ. ಭಾರ ಹೊರುವುದರಲ್ಲಿ ಕಾಂಕ್ರೀಟು ಗಟ್ಟಿ. ಎಳೆತವನ್ನು ತಾಳುವ ಶಕ್ತಿ ಮಾತ್ರ ಅದರ ಹತ್ತರಲ್ಲೊಂದು ಪಾಲಿನಷ್ಟು. ಉಕ್ಕಿನ ಅಥವಾ ಪಾಲಿಪ್ರೊಪಿಲೀನ್ ಎಳೆಗಳು ಸಣ್ಣ ಬಿರುಕು ಹುಟ್ಟಿದ ಜಾಗದಲ್ಲೇ ಅದರ ಎರಡೂ ಬದಿಗಳನ್ನು ಹಿಡಿದು, ಅಗಲವಾಗದಂತೆ ತಡೆಯುತ್ತವೆ. ಹಸಿ ಕಾಂಕ್ರೀಟು ಬಿಸಿಲು ಗಾಳಿಗೆ ಬಿರಿಯದಿರಲು ಘನಮೀಟರಿಗೆ ಸುಮಾರು 900 ಗ್ರಾಂ ಪಾಲಿಪ್ರೊಪಿಲೀನ್ ಎಳೆ ಹಾಕುವುದು ವಾಡಿಕೆ. ಅದನ್ನು ನಂಬಿ ತಾರಸಿಯ ಕಂಬಿಯನ್ನು ಮಾತ್ರ ಕಡಿಮೆ ಮಾಡಬಾರದು.

ಕೊಬ್ಬರಿಗೆ ಹೆಸರಾದ ತಿಪಟೂರಿನ ಕಡೆಯವರು, ತೆಂಗಿನ ನಾರು ಆಗದೇ ಎಂದು ಕೇಳಬಹುದು. ಆಗುತ್ತದೆ, ಆದರೆ ಸಿಮೆಂಟಿನ ಕ್ಷಾರಕ್ಕೆ ಸಿಕ್ಕಿ ವರ್ಷಗಳು ಕಳೆದಂತೆ ಅದು ಕಸುವು ಕಳೆದುಕೊಳ್ಳುತ್ತದೆ. ಕಲ್ಲಿದ್ದಲು ಉರಿಸುವ ರಾಯಚೂರಿನ ಶಕ್ತಿನಗರದಂಥ ವಿದ್ಯುತ್ ಸ್ಥಾವರಗಳಲ್ಲಿ ಉಳಿಯುವ ಹಾರುಬೂದಿ ಇಲ್ಲಿ ನೆರವಿಗೆ ಬರುತ್ತದೆ. ಸಿಮೆಂಟು ನೀರಿನೊಡನೆ ಕೂಡಿದಾಗ ಹುಟ್ಟುವ ಸುಣ್ಣವನ್ನು ಈ ಬೂದಿ ತನ್ನೊಡನೆ ಕೂಡಿಸಿಕೊಂಡು ಗಟ್ಟಿ ಬಂಧವಾಗಿ ಮಾರ್ಪಡಿಸುವುದರಿಂದ, ಕ್ಷಾರವೂ ತಗ್ಗುತ್ತದೆ, ನೀರು ಜಿನುಗುವ ಸಣ್ಣ ರಂಧ್ರಗಳೂ ಮುಚ್ಚುತ್ತವೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಂಥ ಕಡೆ ಕಬ್ಬಿಣ ತೆಗೆಯುವ ಕುಲುಮೆಯಲ್ಲಿ ಉಳಿಯುವ ಕಿಟ್ಟವನ್ನು ನುಣ್ಣಗೆ ಅರೆದರೆ ಅದೂ ಇಂಥದೇ ಕೆಲಸ ಮಾಡುತ್ತದೆ.

ಚೀಲದ ಮೇಲೆ ಪಿಪಿಸಿ ಎಂದು ಅಚ್ಚಾಗಿದ್ದರೆ, ನೀವು ಈಗಾಗಲೇ ಬೂದಿ ಬೆರೆತ ಸಿಮೆಂಟನ್ನೇ ಬಳಸುತ್ತಿದ್ದೀರಿ. ಹಾರುಬೂದಿಯ ಪಿಪಿಸಿಯಲ್ಲಿ ಶೇಕಡ 15ರಿಂದ 35ರವರೆಗೆ ಬೂದಿ ಇರಲು ಭಾರತೀಯ ಮಾನಕ ಒಪ್ಪುತ್ತದೆ. ಇದರಲ್ಲಿ ದೋಷವೇನೂ ಇಲ್ಲ. ನನ್ನ ಕಳವಳ ನೀರುಣಿಸುವ ವಿಚಾರದಲ್ಲಿ. ಬೂದಿ ನಿಧಾನವಾಗಿ ಬಲ ಪಡೆಯುತ್ತದೆ. ನಡುವೆ ಒಣಗಿದರೆ ಅದರ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಬಿಸಿಲಿನ ಒಣ ಹವೆಯಲ್ಲಿ ಕನಿಷ್ಠ 10 ದಿನ ತೇವ ಬೇಕು, ಇಂಥ ಕಾಂಕ್ರೀಟಿಗೆ ಅದನ್ನು 14 ದಿನಕ್ಕೆ ಹೆಚ್ಚಿಸುವುದು ಒಳ್ಳೆಯದು ಎಂದು ಕಾಂಕ್ರೀಟಿನ ಭಾರತೀಯ ಮಾನಕವಾದ ಐಎಸ್ 456 ಹೇಳುತ್ತದೆ. ನಮ್ಮಲ್ಲಿಯೋ ಟ್ಯಾಂಕರ್ ನೀರಿಗೆ ಹಣ ಕೊಡಬೇಕೆಂದು ಮೂರು ನಾಲ್ಕು ದಿನಕ್ಕೇ ನಿಲ್ಲಿಸಿಬಿಡುವ ಮನೆಗಳಿವೆ, ಮತ್ತು ಬಿರುಕು ಬಂದಾಗ ಸಿಮೆಂಟನ್ನೇ ದೂರುತ್ತೇವೆ.

ಬೇಸಿಗೆಯಲ್ಲಿ ತಾರಸಿ ಹಾಕುವವರು ಸಿಮೆಂಟು ತರಿಸುವ ಮೊದಲೇ ಎರಡು ವಾರದ ನೀರನ್ನು ಮೇಸ್ತ್ರಿಯೊಡನೆ ಲೆಕ್ಕ ಹಾಕಿಕೊಳ್ಳಿ. ತಾರಸಿಯ ಮೇಲೆ ಸಣ್ಣ ಕಟ್ಟೆ ಕಟ್ಟಿ ನೀರು ನಿಲ್ಲಿಸಿ, ಕಂಬಗಳಿಗೆ ಒದ್ದೆ ಗೋಣಿ ಸುತ್ತಿ, ಅದು ಒಣಗದಂತೆ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನೆನೆಸುತ್ತಿರಿ.

ನಮಸ್ಕಾರ.