ಭಗವತಿಯ ಶಿಬಿರ ಮತ್ತು ಭದ್ರೆಯ ನೀರು

ಕೇಳುಗರಿಗೆ ನಮಸ್ಕಾರ.

ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗೆ, ಭದ್ರಾ ನದಿಯ ಮೇಲ್ದಂಡೆಯ ಕಾಡಿನಲ್ಲಿ, ಭಗವತಿ ಎಂಬ ಹೆಸರಿನ ಒಂದು ಚಿಕ್ಕ ಪ್ರಕೃತಿ ಶಿಬಿರವಿದೆ. ಕೆಲವು ಗುಡಾರಗಳು, ಕೆಲವು ಕೊಠಡಿಗಳು, ಉಣ್ಣಲೊಂದು ತಾವು, ಮಗ್ಗುಲಲ್ಲೇ ಹರಿಯುವ ನೀರು: ಅದರ ಐಶ್ವರ್ಯ ಇಷ್ಟೇ. ಹೊಳೆಯಲ್ಲಿ ಸೋಪು ಹಚ್ಚಬಾರದು, ಕಂಡಲ್ಲಿ ಬೆಂಕಿ ಹಾಕಬಾರದು, ಕಲ್ಲುಗಳನ್ನು ಕದಲಿಸಬಾರದು, ಕತ್ತಲಾದ ಮೇಲೆ ಗದ್ದಲ ಮಾಡಬಾರದು ಎಂಬ ಕಟ್ಟಳೆಗಳನ್ನು ಇಂಥ ಕಾಡಿನ ಶಿಬಿರಗಳಲ್ಲಿ ಬಂದವರಿಗೆಲ್ಲ ಹೇಳುತ್ತಾರೆ. ಬಿಡಿಬಿಡಿಯಾಗಿ ಕೇಳಿದಾಗ ಇವು ಇಲಾಖೆಯ ನಿರ್ಬಂಧಗಳಂತೆ ತೋರುತ್ತವೆ. ಪಕ್ಕದ ಹೊಳೆಯನ್ನು ಮನಸ್ಸಿನ ನಡುವೆ ಇಟ್ಟುಕೊಂಡು ಯೋಚಿಸಿದರೆ, ಪ್ರತಿಯೊಂದು ಕಟ್ಟಳೆಯೂ ಆ ನೀರಿನಿಂದಲೇ ಹುಟ್ಟಿದ್ದು ಎಂಬುದು ತಿಳಿಯುತ್ತದೆ. ಮಲೆಯ ಕಾಡಿನಲ್ಲಿ ಒಂದು ರಾತ್ರಿ ತಂಗುವ ಬಗೆಯನ್ನು ಈ ನೀರಿನ ಮೂಲಕವೇ ತಮ್ಮ ಮುಂದಿಡಬಯಸುತ್ತೇನೆ.

ಈ ಸೀಮೆಯ ಗಂಗಾಮೂಲದಲ್ಲಿ, ವರಾಹ ಪರ್ವತದ ಮಗ್ಗುಲಲ್ಲಿ, ತುಂಗಾ, ಭದ್ರಾ ಮತ್ತು ನೇತ್ರಾವತಿ ನದಿಗಳು ಹುಟ್ಟುತ್ತವೆ. ಅಲ್ಲಿನ ಗುಹೆಯಲ್ಲಿ ವರಾಹನ ಮೂರ್ತಿಯಿದೆ, ಭಗವತಿ ದೇವಿಯ ಗುಡಿಯಿದೆ. ನೇತ್ರಾವತಿ ಘಟ್ಟವಿಳಿದು ಮಂಗಳೂರಿನ ಬಳಿ ಅರಬ್ಬಿ ಸಮುದ್ರವನ್ನು ಸೇರಿದರೆ, ಭದ್ರೆ ಕುದುರೆಮುಖ, ಕಳಸ, ಬಾಳೆಹೊನ್ನೂರುಗಳನ್ನು ಹಾದು ಲಕ್ಕವಳ್ಳಿಯ ಜಲಾಶಯದಲ್ಲಿ ನಿಂತು, ಮುಂದೆ ಶಿವಮೊಗ್ಗದ ಸಮೀಪದ ಕೂಡ್ಲಿಯಲ್ಲಿ ತುಂಗೆಯನ್ನು ಕೂಡಿಕೊಳ್ಳುತ್ತದೆ. ದಾವಣಗೆರೆ ಸೀಮೆಯ ಗದ್ದೆಗಳಿಗೆ ನಾಲೆಯಲ್ಲಿ ಬರುವ ನೀರಿನ ಮೊದಲ ಹನಿಗಳು ಶಿಬಿರದ ಸುತ್ತಲಿನ ಈ ಗುಡ್ಡಗಳಲ್ಲಿ ಕೂಡಿಕೊಂಡವು.

ಕುದುರೆಮುಖದಲ್ಲಿ ವರ್ಷಕ್ಕೆ ಸುಮಾರು 7000 ಮಿಲಿಮೀಟರ್ ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿದುಹೋಗುತ್ತದೆ. ಹಾಗಿದ್ದೂ ಜನವರಿಯಲ್ಲಿ ಹೊಳೆ ಹರಿಯುತ್ತಲೇ ಇರುತ್ತದೆ. ಇದಕ್ಕೆ ಕಾರಣ ಇಲ್ಲಿನ ನೆಲದ ರಚನೆ. ಗುಡ್ಡದ ನೆತ್ತಿಯ ಮೇಲೆಲ್ಲ ಹುಲ್ಲುಗಾವಲು, ಗಾಳಿಯ ಹೊಡೆತ ತಟ್ಟದ ಕಣಿವೆಗಳಲ್ಲಿ ದಟ್ಟವಾದ ಶೋಲಾ ಕಾಡು. ಹುಲ್ಲಿನ ಬೇರುಗಳು ಇಳಿಜಾರಿನ ತೆಳುವಾದ ಮಣ್ಣನ್ನು ಹಿಡಿದುಕೊಂಡು ಮಳೆನೀರನ್ನು ಒಳಕ್ಕೆ ಇಳಿಯಗೊಡುತ್ತವೆ, ಶೋಲಾದ ತರಗೆಲೆಗಳ ದಪ್ಪ ಹೊದಿಕೆ ಅದನ್ನು ತಡೆದು ತಡೆದು ಹೊರಗೆ ಬಿಡುತ್ತದೆ. ದೂರದಿಂದ ನೋಡಿದವರಿಗೆ ಹುಲ್ಲುಗಾವಲು ಮರಗಳಿಲ್ಲದ ಬೋಳು ಗುಡ್ಡದಂತೆ ಕಂಡು, ಅಲ್ಲಿ ಗಿಡ ನೆಡಬಾರದೇಕೆ ಎಂಬ ಪ್ರಶ್ನೆ ಏಳುವುದುಂಟು. ಆ ಹುಲ್ಲೇ ಅಲ್ಲಿನ ಸಹಜ ಸಸ್ಯ, ಅದೇ ಹೊಳೆಯ ಮೊದಲ ಕಾವಲು.

ಈ ಕಾವಲು ಒಡೆದರೆ ಏನಾಗುತ್ತದೆ ಎಂಬುದನ್ನು ಕುದುರೆಮುಖ ಕಣ್ಣಾರೆ ಕಂಡಿದೆ. 1976ರಲ್ಲಿ ಸ್ಥಾಪನೆಯಾದ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಇಲ್ಲಿನ ಗುಡ್ಡಗಳನ್ನು ತೆರೆದು ಅದಿರನ್ನು ತೆಗೆಯಿತು. ಅದನ್ನು ನುಣ್ಣಗೆ ಅರೆದು, ನೀರಿನಲ್ಲಿ ಕಲಸಿ, ಸುಮಾರು 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಮಂಗಳೂರಿನ ಪಣಂಬೂರಿಗೆ ಸಾಗಿಸಿತು. ಉಳಿದ ಕೆಸರನ್ನು ತಡೆದಿಡಲು ಲಕ್ಯಾ ಅಣೆಕಟ್ಟನ್ನು ಕಟ್ಟಿತು. 1987ರಲ್ಲಿ ಈ ಪ್ರದೇಶ ರಾಷ್ಟ್ರೀಯ ಉದ್ಯಾನವೆಂದು ಘೋಷಣೆಯಾದ ಮೇಲೂ ಗಣಿ ನಡೆಯುತ್ತಲೇ ಇತ್ತು. ಮಳೆಗಾಲದಲ್ಲಿ ಗಣಿಯ ಹೂಳು ಭದ್ರೆಯನ್ನು ಸೇರುತ್ತಿದೆ ಎಂಬುದು ಅದರ ವಿರುದ್ಧ ನಡೆದ ಹೋರಾಟದ ಮುಖ್ಯ ವಾದಗಳಲ್ಲಿ ಒಂದಾಗಿತ್ತು. ನಾಗರಹೊಳೆಯಲ್ಲಿ ಅರಣ್ಯಾಧಿಕಾರಿಯಾಗಿದ್ದ ಕೆ.ಎಂ. ಚಿಣ್ಣಪ್ಪ ಅವರು ಸುಪ್ರೀಂ ಕೋರ್ಟಿನ ಮುಂದೆ ಅರ್ಜಿ ಹಿಡಿದು ನಿಂತರು. 2002ರಲ್ಲಿ ತೀರ್ಪು ಬಂದು, 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಸಾವಿರಾರು ಜನರ ಉದ್ಯೋಗದ ಪ್ರಶ್ನೆಯೂ ಅದರೊಳಗಿತ್ತು, ಗಣಿಯನ್ನೇ ನಂಬಿ ಬೆಳೆದ ಊರು ಬರಿದಾಯಿತು. ಆ ಬೆಲೆಯನ್ನು ತೆತ್ತು ಉಳಿಸಿಕೊಂಡ ನೀರಿನ ಪಕ್ಕದಲ್ಲಿ ನಾವು ರಜೆಗೆಂದು ಹೋಗಿ ಮಲಗುತ್ತೇವೆ ಎಂಬುದನ್ನು ಶಿಬಿರಕ್ಕೆ ಹೊರಡುವ ಪ್ರತಿಯೊಬ್ಬರೂ ತಿಳಿದಿರಬೇಕೆಂದು ನಾನು ಬಯಸುತ್ತೇನೆ.

ಇನ್ನು ರಾತ್ರಿಯ ಮಾತು. ನೀರಿನ ದಂಡೆಯೇ ಗುಡಾರಕ್ಕೆ ಅತ್ಯುತ್ತಮ ಜಾಗವೆಂದು ಹೊಸಬರಿಗೆ ತೋರುತ್ತದೆ. ಆದರೆ ಮೇಲಿನ ಗುಡ್ಡದಲ್ಲಿ ಮಳೆ ಸುರಿದರೆ, ಕೆಳಗೆ ಒಂದು ಹನಿ ಬೀಳದಿದ್ದರೂ ಹೊಳೆ ಏರಬಹುದು. ಆದ್ದರಿಂದ ಪ್ರವಾಹದ ಗುರುತಿಗಿಂತ ಮೇಲಿನ ನೆಲದಲ್ಲಿ ಮಾತ್ರ ಗುಡಾರ ಹಾಕಬೇಕು. ದಂಡೆಯ ಪೊದೆಗಳಲ್ಲಿ ಸಿಕ್ಕಿಕೊಂಡಿರುವ ಒಣ ಕಸವೇ ಆ ಗುರುತು. ಜೊತೆಗೆ, ಶುಭ್ರವಾದ ಆಕಾಶವಿರುವ ರಾತ್ರಿ ಗುಡ್ಡದ ಮೈ ಬೇಗ ತಣ್ಣಗಾಗುತ್ತದೆ, ಅದನ್ನು ತಾಗಿದ ಗಾಳಿ ತಂಪಾಗಿ, ಭಾರವಾಗಿ, ಇಳಿಜಾರಿನಲ್ಲಿ ಜಾರಿ ಕಣಿವೆಯ ತಳಕ್ಕೆ ಬಂದು ನಿಲ್ಲುತ್ತದೆ. ಹೊಳೆಯ ಪಕ್ಕದ ಚಳಿ ಸ್ವಲ್ಪ ಮೇಲಿನ ನೆಲದ ಚಳಿಗಿಂತ ಹೆಚ್ಚಾಗಿರುವುದು ಈ ಕಾರಣಕ್ಕೆ. ಚಳಿಗೆ ಹೆದರಿ ಗುಡಾರದ ಎಲ್ಲ ಕಿಂಡಿಗಳನ್ನೂ ಮುಚ್ಚಿಕೊಂಡವರು ಬೆಳಗಿನ ಜಾವ ಒದ್ದೆಯಾದ ಹೊದಿಕೆಯೊಳಗೆ ಎಚ್ಚರಗೊಳ್ಳುತ್ತಾರೆ. ಮಲಗಿದವರ ಉಸಿರಿನ ಪಸೆಯೇ ಬಟ್ಟೆಯ ಒಳಮೈಯಲ್ಲಿ ಹನಿಗಟ್ಟಿ ತೊಟ್ಟಿಕ್ಕುತ್ತದೆ. ಸೊಳ್ಳೆಪರದೆಯನ್ನು ಮುಚ್ಚಿ, ಮೇಲಿನ ಕಿಂಡಿಯನ್ನು ಸ್ವಲ್ಪ ತೆರೆದಿಟ್ಟು, ನಮ್ಮ ಹಳ್ಳಿಗಳ ಉಣ್ಣೆಯ ಕಂಬಳಿಯನ್ನು ಹೊದೆಯುವುದು ಲೇಸು. ಒದ್ದೆಯಾದ ಹತ್ತಿಯ ಬಟ್ಟೆ ಮೈಯ ಕಾವನ್ನು ಹೀರಿಕೊಳ್ಳುತ್ತದೆ, ಉಣ್ಣೆ ತುಸು ನೆನೆದರೂ ಬೆಚ್ಚಗಿರುತ್ತದೆ.

ಹೊಳೆಯ ಕಲ್ಲುಗಳನ್ನು ಕದಲಿಸಬಾರದೆಂಬ ಮಾತಿಗೆ ಬರುತ್ತೇನೆ. ಸ್ನಾನಕ್ಕಿಳಿದವರು ಕಲ್ಲುಗಳನ್ನು ಒಟ್ಟಿ ಮಡು ಮಾಡಿಕೊಳ್ಳುತ್ತಾರೆ, ಕೆಲವರು ಒಂದರ ಮೇಲೊಂದು ಪೇರಿಸಿ ಚಿತ್ರ ತೆಗೆಯುತ್ತಾರೆ. ಇದರಲ್ಲಿ ಕೇಡೇನಿದೆ ಎಂದು ಕೇಳುವವರಿಗೆ ಒಂದು ಕಪ್ಪೆಯ ವಿಷಯ ಹೇಳಬೇಕು. ಪಶ್ಚಿಮ ಘಟ್ಟದ ಝರಿಗಳಲ್ಲಿ ಹೆಬ್ಬೆರಳಿನ ತುದಿಯಷ್ಟೇ ಇರುವ, ಕುಣಿಯುವ ಕಪ್ಪೆಗಳೆಂದು ಹೆಸರಾದ ಒಂದು ಕುಲವಿದೆ. ಪ್ರಪಂಚದಲ್ಲಿ ಬೇರೆಲ್ಲೂ ಈ ಕುಲ ಇಲ್ಲ. ಅದರಲ್ಲೊಂದಕ್ಕೆ ನಮ್ಮ ಮೂಡಿಗೆರೆ ತಾಲ್ಲೂಕಿನ ಕೊಟ್ಟಿಗೆಹಾರದ ಹೆಸರಿದೆ. 1937ರಲ್ಲಿ ಅದನ್ನು ವಿಜ್ಞಾನಕ್ಕೆ ಪರಿಚಯಿಸಿದವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರಜ್ಞರಾದ ಸಿ.ಆರ್. ನಾರಾಯಣರಾಯರು. ಹರಿಯುವ ನೀರಿನ ಭೋರ್ಗರೆತದಲ್ಲಿ ಕೂಗಿದರೆ ಕೇಳಿಸದೆ ಹೋಗಬಹುದಾದ್ದರಿಂದ, ಗಂಡು ಕಪ್ಪೆ ಒದ್ದೆಗಲ್ಲಿನ ಮೇಲೆ ಕುಳಿತು ಹಿಂಗಾಲನ್ನು ಉದ್ದಕ್ಕೆ ಚಾಚಿ, ಬೆರಳುಗಳನ್ನು ಬಿಡಿಸಿ ಬೀಸುತ್ತದೆ. ಅದು ಹೆಣ್ಣಿಗೆ ಕರೆ, ಎದುರಾಳಿ ಗಂಡಿಗೆ ಎಚ್ಚರಿಕೆ. ಮಳೆಗಾಲ ತಗ್ಗಿ ನೀರು ತಿಳಿಯಾಗುವ ತಿಂಗಳುಗಳಲ್ಲಿ, ಅಂದರೆ ನಾವು ಶಿಬಿರಕ್ಕೆ ಹೋಗುವ ಹೊತ್ತಿನಲ್ಲಿಯೇ, ಈ ಕುಲದ ಕಪ್ಪೆಗಳ ಸಂತಾನದ ಕಾಲ ಬರುತ್ತದೆ. ಹೆಣ್ಣು ಹಿಂಗಾಲಿನಿಂದ ಹೊಳೆಯ ತಳವನ್ನು ತೋಡಿ ಮೊಟ್ಟೆಯಿಟ್ಟು ಮರಳು ಮುಚ್ಚುತ್ತದೆ. ಈ ಕುಲದ ಒಂದು ಕಪ್ಪೆಯ ಗೊದಮೊಟ್ಟೆಗಳು ಮರಳಿನ ಒಳಗೇ ಹುದುಗಿ ಬೆಳೆಯುತ್ತವೆಂಬುದು 2016ರಲ್ಲಿ ಪ್ರಕಟವಾಯಿತು. ನಾವು ಎತ್ತಿಟ್ಟ ಕಲ್ಲು ಅದರ ಅಂಗಳ, ನಾವು ತುಳಿದು ಕಲಕಿದ ಮರಳು ಅದರ ತೊಟ್ಟಿಲು.

ಕಪ್ಪೆಗಳು ಚರ್ಮದ ಮೂಲಕವೂ ಉಸಿರಾಡುತ್ತವೆ. ನೀರಿಗೆ ಸೇರಿದ ಸೋಪು, ಶಾಂಪೂ, ಸೊಳ್ಳೆ ಓಡಿಸಲು ಮೈಗೆ ಹಚ್ಚಿದ ಮುಲಾಮು ಇವೆಲ್ಲವೂ ನೇರವಾಗಿ ಅವುಗಳ ಮೈಯೊಳಕ್ಕೆ ಇಳಿಯುತ್ತವೆ. ಸಸ್ಯಜನ್ಯವೆಂದು ಬರೆದ ಸೋಪಿಗೂ ಇದರಲ್ಲಿ ವಿನಾಯಿತಿ ಸಿಗಲಾರದು. ಬಕೆಟ್ಟಿನಲ್ಲಿ ನೀರು ತಂದು, ಹೊಳೆಯಿಂದ ದೂರದಲ್ಲಿ ಮೈ ತೊಳೆದು ಆ ನೀರನ್ನು ನೆಲಕ್ಕೆ ಹೀರಗೊಡಬೇಕು. ಶೌಚಾಲಯವಿದ್ದರೆ ಅದನ್ನೇ ಬಳಸಬೇಕು, ನಡಿಗೆಯ ದಾರಿಯಲ್ಲಿ ಅನಿವಾರ್ಯವಾದಾಗ ನೀರಿನಿಂದ ಕನಿಷ್ಠ 60 ಮೀಟರ್ ದೂರ ಹೋಗಿ ಗುಂಡಿ ತೋಡಿ ಮುಚ್ಚಬೇಕು.

ಉಂಬಳಗಳ, ಅಂದರೆ ಕಾಡಿನ ಜಿಗಣೆಗಳ, ವಿಚಾರದಲ್ಲಿ ಪಟ್ಟಣದವರಿಗೆ ಭಯ ಬಹಳ. ನೆಲದ ಕಂಪನ, ನಮ್ಮ ಮೈಯ ಕಾವು, ಉಸಿರು ಇವುಗಳನ್ನು ಹಿಡಿದು ಅವು ಬರುತ್ತವೆ. ಕಚ್ಚಿದ ಜಾಗದಲ್ಲಿ ಸ್ವಲ್ಪ ಹೊತ್ತು ರಕ್ತ ಹರಿಯುವುದು ಬಿಟ್ಟರೆ ಸಾಮಾನ್ಯವಾಗಿ ಅಪಾಯವಿಲ್ಲ. ಒತ್ತಾದ ನೇಯ್ಗೆಯ ಉದ್ದ ಕಾಲುಚೀಲ ಸಾಕು. ಹೊಗೆಸೊಪ್ಪು, ಸುಣ್ಣ ಸವರಿದ ಕಾಲುಚೀಲವನ್ನು ಹೊಳೆಯಲ್ಲಿ ಜಾಲಿಸುವುದು ಮಾತ್ರ ಸಲ್ಲದು.

ಬೆಂಕಿಯ ವಿಚಾರ ಇದಕ್ಕಿಂತ ಗಂಭೀರವಾದದ್ದು. ಗುಡಾರದ ಮುಂದೆ ಬೆಂಕಿ ಹಾಕಿ ಸುತ್ತ ಕೂರುವ ಆಸೆ ಎಲ್ಲರಿಗೂ ಇರುತ್ತದೆ, ಆ ಆಸೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಜನವರಿ ಕಳೆಯುತ್ತಲೇ ಹುಲ್ಲು ಒಣಗಿ ನಿಲ್ಲುತ್ತದೆ, ಗಾಳಿ ಹೊತ್ತೊಯ್ದ ಒಂದು ಕಿಡಿ ಇಳಿಜಾರಿನಲ್ಲಿ ಮನುಷ್ಯನ ಓಟಕ್ಕಿಂತ ವೇಗವಾಗಿ ಮೇಲೇರಬಲ್ಲದು. ಬೆಂಕಿ ಹಬ್ಬದಂತೆ ತಡೆಯುವ ಬೋಳು ಪಟ್ಟಿಗಳಾದ ಬೆಂಕಿ ರೇಖೆಗಳನ್ನು ಹಗಲುರಾತ್ರಿ ಸವರಿ, ಹಸಿಸೊಪ್ಪು ಹಿಡಿದು ಆ ಜ್ವಾಲೆಯನ್ನು ಬಡಿದು ನಂದಿಸುವವರು ಅರಣ್ಯ ವೀಕ್ಷಕರು. ಅವರಲ್ಲಿ ಅನೇಕರು ಕಾಡಂಚಿನ ಹಳ್ಳಿಗಳವರೇ. ಸುಟ್ಟ ಇಳಿಜಾರಿನ ಮಣ್ಣು ಮುಂಗಾರಿನ ಮೊದಲ ಮಳೆಗೆ ತೊಳೆದು ಹೊಳೆಗೆ ಬರುತ್ತದೆ. ಹೀಗಾಗಿ ಶಿಬಿರದವರು ತಾವೇ ಗೊತ್ತುಮಾಡಿದ ಜಾಗದಲ್ಲಿ ಒಲೆ ಹೂಡಿದರೆ ಅಲ್ಲಿ ಕುಳಿತುಕೊಳ್ಳಬೇಕು, ಇಲ್ಲವೆಂದರೆ ಕಂಬಳಿ ಹೊದ್ದು ಕುಳಿತುಕೊಳ್ಳಬೇಕು. ಬಿದ್ದ ಮರದ ದಿಮ್ಮಿಯನ್ನು ಸೌದೆಗೆಂದು ಎಳೆದು ತರುವುದಂತೂ ಕೂಡದು.

ಕತ್ತಲು ಮತ್ತು ಮೌನದ ಕಟ್ಟಳೆಗೂ ನೀರೇ ಕಾರಣ. ಕಡವೆ, ಕಾಟಿಗಳು ನೀರಿಗೆ ಇಳಿಯುವುದು ಹೆಚ್ಚಾಗಿ ಇಳಿಹೊತ್ತಿನಿಂದಾಚೆಗೆ. ಹೊಳೆಯ ಕಡೆಗೆ ಟಾರ್ಚ್ ಬೀಸಿ, ಧ್ವನಿವರ್ಧಕ ಹಚ್ಚಿದರೆ ಅವು ಬಾಯಾರಿಕೊಂಡೇ ಹಿಂದಿರುಗಬೇಕಾಗುತ್ತದೆ. ಸುಮ್ಮನೆ ಕುಳಿತವರಿಗೆ ಬೆಳಗಿನ ಜಾವ ಸಿಳ್ಳಾರ ಹಕ್ಕಿಯ ಸೀಟಿ ಕೇಳುವ ಭಾಗ್ಯ ಉಂಟು. ನಿರಂತರ ಹರಿಯುವ ನೀರಿನ ಸದ್ದಿನ ಮೇಲೆ ತೇಲಿ ಬರುವಷ್ಟು ಸ್ಪಷ್ಟವಾದ ದನಿ ಅದರದು. ಹಣ್ಣಿನ ಮರಗಳಲ್ಲಿ ಸಿಂಗಳೀಕಗಳು ಕಂಡರೆ ಅದು ಇನ್ನೂ ದೊಡ್ಡ ಭಾಗ್ಯ. ಈ ಕಾಡು ರಾಷ್ಟ್ರೀಯ ಉದ್ಯಾನವಾಗುವುದಕ್ಕೆ ಸಿಂಗಳೀಕಗಳ ರಕ್ಷಣೆಯೂ ಒಂದು ಮುಖ್ಯ ಪ್ರೇರಣೆಯಾಗಿತ್ತು.

ಶಿಬಿರ ಚಿಕ್ಕದಾಗಿರುವುದರಿಂದ ಬಯಸಿದ ದಿನ ಜಾಗ ಸಿಗುವುದಿಲ್ಲವೆಂದೂ, ಗುಡಾರಗಳನ್ನು ಹೆಚ್ಚಿಸಬೇಕೆಂದೂ ಕೇಳುವವರಿದ್ದಾರೆ. 2024ರ ಜನವರಿಯ ಕೊನೆಯಲ್ಲಿ ಚಾರಣಕ್ಕೆ ಹೆಸರಾದ ಕುಮಾರ ಪರ್ವತದ ಕಾಲುದಾರಿಯಲ್ಲಿ ಒಮ್ಮೆಗೇ ನೆರೆದ ಜನಸಾಗರದ ಚಿತ್ರಗಳನ್ನು ನೋಡಿದವರು ಹಾಗೆ ಕೇಳಲಾರರು. ಅದಾದ ಮೇಲೆ ಸರಕಾರ ಚಾರಣಗಳನ್ನು ತಾತ್ಕಾಲಿಕವಾಗಿ ತಡೆದು, ಆನ್‌ಲೈನಿನಲ್ಲಿ ಮುಂಗಡವಾಗಿ ಕಾಯ್ದಿರಿಸುವ ವ್ಯವಸ್ಥೆಯನ್ನು ತಂದಿತು. ಒಂದು ಝರಿಯ ದಂಡೆ ಎಷ್ಟು ಜನರನ್ನು ತಾಳಬಲ್ಲದೋ ಅಷ್ಟೇ ಗುಡಾರಗಳಿರಬೇಕು, ಉಳಿದವರು ಮುಂದಿನ ತಿಂಗಳಿಗೆ ಕಾಯಬೇಕು. ಇದರಲ್ಲಿ ರಾಜಿಗೆ ಜಾಗವಿದೆಯೆಂದು ನನಗೆ ಅನಿಸುವುದಿಲ್ಲ.

ಆದರೆ ಇರುವ ಗುಡಾರಗಳಲ್ಲಿ ಯಾರು ಮಲಗಬೇಕು ಎಂಬುದನ್ನು ಯೋಚಿಸಬಹುದು. ಶಾಲಾ ಮಕ್ಕಳನ್ನು ಕಾಡಿಗೆ ಕರೆದೊಯ್ಯುವ ಚಿಣ್ಣರ ವನ ದರ್ಶನವೆಂಬ ಕಾರ್ಯಕ್ರಮ ಅರಣ್ಯ ಇಲಾಖೆಯಲ್ಲಿದೆ. ಅದರಡಿಯಲ್ಲಿ ಭದ್ರಾ ಅಚ್ಚುಕಟ್ಟಿನ ಶಾಲೆಗಳನ್ನು, ಈ ನೀರಿನಿಂದಲೇ ಬೆಳೆದ ಅನ್ನವನ್ನು ಉಣ್ಣುವ ದಾವಣಗೆರೆ, ಹರಿಹರ, ಭದ್ರಾವತಿಯ ಮಕ್ಕಳನ್ನು, ನವೆಂಬರ್ ಅಥವಾ ಡಿಸೆಂಬರಿನ ವಾರದ ದಿನಗಳಲ್ಲಿ ನದಿಯ ಮೇಲ್ದಂಡೆಗೆ ಕರೆತರುವ ಏರ್ಪಾಡು ಆಗಬೇಕು. ಒಂದು ರಾತ್ರಿ ತಂಗಿ, ಮರುದಿನ ಬೆಳಿಗ್ಗೆ ಅವರು ಗಂಗಾಮೂಲದ ಸೀಮೆಯ ಹುಲ್ಲುಗುಡ್ಡಗಳನ್ನು ನೋಡಲಿ, ಹಿಂದಿರುಗುವ ದಾರಿಯಲ್ಲಿ ಹಳೆಯ ಗಣಿಯ ಊರನ್ನೂ ಲಕ್ಕವಳ್ಳಿಯ ಜಲಾಶಯವನ್ನೂ ಕಂಡು ತಮ್ಮ ಊರಿನ ನಾಲೆಯವರೆಗೆ ಅದೇ ನದಿಯ ಜೊತೆಯಲ್ಲಿ ಪ್ರಯಾಣ ಮಾಡಲಿ. ಇದಕ್ಕೆ ಹೊಸದೊಂದು ಕಟ್ಟಡವಾಗಲಿ, ಹೆಚ್ಚಿನ ಗುಡಾರವಾಗಲಿ ಬೇಕಾಗಿಲ್ಲ. ಶಾಲೆಗಳ ಮುಖ್ಯೋಪಾಧ್ಯಾಯರೂ ನೀರು ಬಳಕೆದಾರರ ಸಂಘಗಳೂ ಸೇರಿ ತಮ್ಮ ವಲಯದ ಅರಣ್ಯಾಧಿಕಾರಿಗಳಿಗೆ ಒಂದು ಮನವಿ ಸಲ್ಲಿಸಿದರೆ ಈ ಕೆಲಸ ಶುರುವಾಗಬಹುದು.

ನಮಸ್ಕಾರ.