ಹಾಗಾದರೆ ನಾವೇನು ಮಾಡಬೇಕು?

ನಮಸ್ಕಾರ ಕೇಳುಗರೇ. ಯೊರ್ದನ್ ಹೊಳೆಯ ಹತ್ತಿರ ದೀಕ್ಷಾಸ್ನಾನಕ್ಕೆ, ಅಂದರೆ ಪಾಪ ಬಿಟ್ಟು ತಿರುಗಿಕೊಂಡ ಗುರುತಾಗಿ ನೀರಲ್ಲಿ ಮಾಡಿಸಿಕೊಳ್ಳುವ ಸ್ನಾನಕ್ಕೆ ಅಂತ ಬಂದ ಜನರಿಗೆ ಪ್ರವಾದಿ ಯೋಹಾನ ಒಳ್ಳೆ ಸ್ವಾಗತವನ್ನೇನೂ ಕೊಡಲಿಲ್ಲ. ಸರ್ಪಸಂತಾನದವರೇ ಅಂತ ಬೈದ. ನಾವು ಮೂಲಪುರುಷ ಅಬ್ರಹಾಮನ ಮಕ್ಕಳು ಅಂತ ಬೀಗಬೇಡಿ, ದೇವರು ಮನಸ್ಸು ಮಾಡಿದರೆ ಈ ಕಲ್ಲುಗಳಿಂದಲೂ ಅವನಿಗೆ ಮಕ್ಕಳನ್ನು ಹುಟ್ಟಿಸಬಲ್ಲ ಅಂದ. ದುರ್ಗದವರಾದ ನಮಗೆ ಈ ಮಾತು ಸ್ವಲ್ಪ ಜಾಸ್ತಿಯೇ ನಾಟಬೇಕು, ಇಲ್ಲಿ ಕಲ್ಲಿಗೇನು ಬರವೇ?

ಬೈಸಿಕೊಂಡ ಜನ ಕೇಳಿದರು: ಹಾಗಾದರೆ ನಾವೇನು ಮಾಡಬೇಕು?

ಬೈಬಲಿನ ಲೂಕನ ಸುವಾರ್ತೆಯ 3ನೇ ಅಧ್ಯಾಯದಲ್ಲಿ ಉತ್ತರ ಇದೆ. ಎರಡು ಅಂಗಿ ಇದ್ದವನು ಇಲ್ಲದವನಿಗೆ ಒಂದು ಕೊಡಲಿ. ಸುಂಕದವರು ಗೊತ್ತುಮಾಡಿದ್ದಕ್ಕಿಂತ ಹೆಚ್ಚು ವಸೂಲಿ ಮಾಡಬಾರದು. ಸಿಪಾಯಿಗಳು ಹೆದರಿಸಿ ದುಡ್ಡು ಕೀಳಬಾರದು, ಸಂಬಳದಲ್ಲೇ ತೃಪ್ತಿಪಡಬೇಕು. ಗಮನಿಸಿ, ಕೆಲಸ ಬಿಡಿ ಅಂತ ಯಾರಿಗೂ ಹೇಳಲಿಲ್ಲ. ಅದೇ ಕೆಲಸವನ್ನು ಮೋಸ ಇಲ್ಲದೆ ಮಾಡಿ ಅಂದ, ಅದು ಬಿಡುವುದಕ್ಕಿಂತ ಕಷ್ಟ ಅಲ್ವಾ? ಯೋಹಾನ ದಾವಣಗೆರೆಯ ಮೆಕ್ಕೆಜೋಳದ ಮಾರುಕಟ್ಟೆಗೆ ಬಂದಿದ್ದರೆ ತೇವಾಂಶ ಜಾಸ್ತಿ ಇದೆ ಅಂತ ಸುಮ್ನೆ ನೆಪ ಹೇಳಿ ರೈತನ ತೂಕ ಕಡಿಯಬೇಡ ಅನ್ನುತ್ತಿದ್ದನೇನೋ.

ಪ್ರಾರ್ಥನೆಯಲ್ಲಿ ಅತ್ತುಬಿಟ್ಟರೆ ಪಶ್ಚಾತ್ತಾಪ ಮುಗಿಯಿತು ಅಂದುಕೊಳ್ಳುವವರು ನಮ್ಮಲ್ಲಿ ಬಹಳ. ಅಳು ಬಂದರೆ ಅಳಿ, ತಪ್ಪಿಲ್ಲ. ಸುಂಕದವನಾದ ಜಕ್ಕಾಯ ಅತ್ತನೋ ಇಲ್ಲವೋ ಲೂಕ ಹೇಳುವುದಿಲ್ಲ, ಆದರೆ ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ತಗೊಂಡದ್ದಕ್ಕೆ ನಾಲ್ಕರಷ್ಟು ವಾಪಸ್ ಅಂತ ಅವನು ಲೆಕ್ಕ ಒಪ್ಪಿಸಿದ್ದನ್ನು ಬರೆದಿದ್ದಾನೆ. ಹಾಗಂತ ಕ್ಷಮೆಯನ್ನು ದುಡ್ಡು ಕೊಟ್ಟು ಕೊಂಡ ಅಂತಲ್ಲ. ಯೇಸು ಮೊದಲೇ ಅವನ ಹೆಸರು ಹಿಡಿದು ಕರೆದು, ಈ ದಿನ ನಿನ್ನ ಮನೆಯಲ್ಲೇ ಇಳಿದುಕೊಳ್ಳಬೇಕು ಅಂದಿದ್ದ.

ಪಂಚಾಶತ್ತಮ ಅನ್ನುವ ಯೆಹೂದ್ಯರ ಹಬ್ಬದ ದಿನ ಯೆರೂಸಲೇಮಿನ ಜನ ಯೇಸುವಿನ ಶಿಷ್ಯ ಪೇತ್ರನನ್ನು ಕೇಳಿದ್ದೂ ಇದೇ ಪ್ರಶ್ನೆ. ಪಾಪ ಬಿಟ್ಟು ತಿರುಗಿಕೊಳ್ಳಿ, ಯೇಸು ಕ್ರಿಸ್ತನ ಹೆಸರಿನಲ್ಲಿ ದೀಕ್ಷಾಸ್ನಾನ ಮಾಡಿಸಿಕೊಳ್ಳಿ ಅಂದ. ಅವತ್ತು ಸುಮಾರು 3,000 ಜನ ಸೇರಿದರು.

ಇನ್ನು ತಲೆಗೆ ನೀರು ಸುರಿದರೆ ಸಾಕಾ, ಪೂರ್ತಿ ಮುಳುಗಬೇಕಾ ಅನ್ನುವ ಜಗಳ. ಕ್ಯಾಥೊಲಿಕರು, ದಕ್ಷಿಣ ಭಾರತ ಸಭೆಯವರು ಅಂದರೆ ಸಿಎಸ್‌ಐನವರು ಕೈಗೂಸಿಗೂ ಕೊಡುತ್ತಾರೆ. ಬ್ಯಾಪ್ಟಿಸ್ಟರು, ಪೆಂಟೆಕೋಸ್ಟ್ ಸಭೆಯವರು ತಾನೇ ನಂಬಿ ಒಪ್ಪಿಕೊಂಡವರನ್ನು ಮುಳುಗಿಸುತ್ತಾರೆ. ಎರಡೂ ಕಡೆ ವಚನ ತೋರಿಸುವವರಿದ್ದಾರೆ, ನಾನು ತೀರ್ಪು ಕೊಡುವುದಿಲ್ಲ.

ಆದರೆ ಫಿಲಿಪ್ಪಿಯ ಸೆರೆಮನೆಯ ಯಜಮಾನನನ್ನು ನೋಡಿ. ಏಟು ತಿಂದು ಸೆರೆಗೆ ಬಂದ ಬೋಧಕರಾದ ಪೌಲ, ಸೀಲರ ಕಾಲಿಗೆ ಕೋಳ ಹಾಕಿಸಿದವನು ಅವನು. ನಡುರಾತ್ರಿ ಭೂಕಂಪ ಆಗಿ ಬಾಗಿಲೆಲ್ಲ ತೆರೆದುಕೊಂಡಾಗ ನಡುಗುತ್ತಾ, ರಕ್ಷಣೆ ಸಿಗಲು ನಾನೇನು ಮಾಡಬೇಕು ಅಂತ ಕೇಳಿದ. ಕರ್ತನಾದ ಯೇಸುವನ್ನು ನಂಬು ಅಂದರು. ಅವನು ಆ ಹೊತ್ತಿನಲ್ಲೇ ಅವರ ಗಾಯ ತೊಳೆದ. ತಾನೂ ಮನೆಯವರೂ ದೀಕ್ಷಾಸ್ನಾನ ತಗೊಂಡದ್ದು ಅದಾದ ಮೇಲೆ.